ಒಂಬತ್ತು ಕೋಶದ ಗುಳಿ

ರೆಪ್ಪೆಕೂದಲು, ನನ್ನದೇ, ಕರಿ ಬೊಂಬು ಅಡ್ಡ ಬಿದ್ದ ಹಾಗೆ ಇಲಿಯ ಕರುಳಿನ ಮೇಲೆ ಬಿತ್ತು, ಕಣ್ಣು ಮಿಟುಕಿಸಿದೆ, ಹೋಯ್ತು, ಮತ್ತೆ ಬಂತು, ಅಂದ್ರೆ ಮೈಕ್ರೋಸ್ಕೋಪಿಗೆ ಕಣ್ಣು ತೀರಾ ಒತ್ತಿ ಕೂತಿದ್ದೀನಿ, ಕಣ್ಣ ಸುತ್ತ ದುಂಡಗೆ ಎರಡು ಗುರುತು ಬಿದ್ದಿರುತ್ತೆ, ನಿನ್ನೆ ಸ್ಲೈಡಿಗೆ ಕರುಳು ಕೊಯ್ದುಕೊಡೋ ಬ್ಲೇಡಣ್ಣ ನೋಡಿ ಏನಮ್ಮಾ ಗೂಬೆ ಮರಿ ಊಟಕ್ಕೆ ಬರಲ್ವಾ ಅಂದಿದ್ರು — ಸ್ವಲ್ಪ ಹಿಂದೆ ಸರಿ, ಬೆನ್ನು ನೆಟ್ಟಗೆ, ಹಾಂ, ಈಗ ಸರಿಯಾಯ್ತು, ನೇರಳೆ ಚುಕ್ಕಿ ಗುಲಾಬಿ ಹೊದಿಕೆ, ಎಂಟನೇ ಸ್ಲೈಡು, ಮೊದಲನೇ ಸುತ್ತು, ಎಡಗೈ ಗುಂಡಿ ತಿರುಗಿಸುತ್ತೆ, ಬಲಗೈ ಹೆಬ್ಬೆರಳು ಕ್ಲಿಕ್ಕರ್ ಮೇಲೆ, ಒಂದು ಗುಳಿ ಕ್ಲಿಕ್, ಇನ್ನೊಂದು ಗುಳಿ ಕ್ಲಿಕ್, ಬಸ್ ಕಂಡಕ್ಟರ್ ತಲೆ ಎಣಿಸಿದ ಹಾಗೆ, ವ್ಯತ್ಯಾಸ ಇಷ್ಟೇ, ಇಲ್ಲಿ ಇಳಿದು ಹೋದೋರನ್ನ ಎಣಿಸಲ್ಲ, ಉಳ್ಕೊಂಡೋರನ್ನ ಮಾತ್ರ. ಒಂದು ಸುತ್ತಿನಲ್ಲಿ, ಅಂದ್ರೆ ಕರುಳು ಅಡ್ಡ ಕೊಯ್ದ ಒಂದು ಬಳೇಲಿ, ನೂರೈವತ್ತು ಗುಳಿ ಇರಬೇಕಾದ ಜಾಗ, ಕರೆಂಟು, ಅದೇ ರೇಡಿಯೇಷನ್ನು, ಕೊಟ್ಟು ಮೂರೂವರೆ ದಿನ ಆದ್ಮೇಲೆ ಇಪ್ಪತ್ತೋ ಇಪ್ಪತ್ತೈದೋ, ಉಳಿದಿದ್ದೆಲ್ಲಾ ಬೋಳು, ಮಸುಕು, ಒರೆಸಿ ಹಾಕಿದ ಹಾಗೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಗುಳಿ ದಪ್ಪಗೆ, ಕಡು ನೇರಳೆ, ಉಬ್ಬಿ ಕೂತಿರುತ್ತೆ, ನಾನಿನ್ನೂ ಇದ್ದೀನಿ ಕಣೇ ಅಂತ. ಹತ್ತು ಕೋಶ ಇದ್ರೆ ಬದುಕಿದೆ ಅಂತ ಲೆಕ್ಕ, ಹತ್ತಕ್ಕಿಂತ ಕಮ್ಮಿ ಇದ್ರೆ ಸತ್ತಿದೆ, ನಿಯಮ ಅಷ್ಟೇ, ನಾನು ಮಾಡಿದ್ದಲ್ಲ, ನಮ್ಮ ಲ್ಯಾಬಿನ ಮೇಡಂ ಮಾಡಿದ್ದೂ ಅಲ್ಲ, ಈ ಕೆಲಸ ಮಾಡೋ ಎಲ್ಲರೂ ಹಾಗೇ ಎಣಿಸೋದು. ಹತ್ತು, ಹನ್ನೊಂದು, ಹನ್ನೆರಡು, ಕ್ಲಿಕ್. ಮುಂದಿನದು ಏಳು, ಇಲ್ಲ, ಪಾಪ, ಮುಂದೆ. ಮುಂದಿನದು — ಆರು, ಏಳು, ಎಂಟು, ಒಂಬತ್ತು. ಒಂಬತ್ತು. ಅಡ್ಡಡ್ಡ ಕೊಯ್ದಿರೋದ್ರಿಂದ ಉಂಗುರದ ಹಾಗೆ ದುಂಡಗೆ ಕಾಣ್ತಿದೆ, ಎಷ್ಟು ಚೆನ್ನಾಗಿದೆ, ಒಂದೊಂದು ಕೋಶಾನೂ ಗಟ್ಟಿಮುಟ್ಟಾಗಿದೆ, ಮತ್ತೆ ಎಣಿಸ್ತೀನಿ, ಒಂಬತ್ತು, ಹೆಬ್ಬೆರಳು ಆಗಲೇ ಅರ್ಧ ಒತ್ತಿಬಿಟ್ಟಿದೆ, ಯಾರು ಹೇಳಿದ್ರು ಅದಕ್ಕೆ.

ಇದನ್ನೆಲ್ಲಾ ಚಿಕ್ಕಪ್ಪಂಗೆ ಹೇಳಿ ಹೇಳಿ ಈಗ ನನಗಿಂತ ಚೆನ್ನಾಗಿ ಅವರೇ ಹೇಳ್ತಾರೆ, ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡು ಪಕ್ಕದ ಮಂಚದೋರಿಗೆ ಪಾಠ, ನೋಡಿ ಸ್ವಾಮಿ ಕರುಳಿನ ಒಳಗೋಡೆ ಅನ್ನೋದು ಒಂದೇ ಒಂದು ಸಾಲು ಟೈಲ್ಸ್, ನಾನು ಮೂವತ್ತು ವರ್ಷ ಹಾಕಿದ್ದೀನಲ್ಲ ಅದೇ ಥರ, ಆದ್ರೆ ಇದು ನಾಲ್ಕೈದು ದಿನಕ್ಕೊಂದ್ಸಲ ಪೂರ್ತಿ ಉದುರಿ ಹೊಸದು ಬರುತ್ತೆ — ನಾನು ಮೊದಲು ಹೇಳಿದಾಗ ಎಷ್ಟು ನಕ್ಕಿದ್ರು, ನಾಲ್ಕು ದಿನಕ್ಕೆ ಟೈಲ್ಸ್ ಕಿತ್ತು ಬರುತ್ತೆ ಅಂದ್ರೆ ಆ ಮೇಸ್ತ್ರಿನ ಮೊದಲು ಮನೆಗೆ ಕಳಿಸಬೇಕು, ಅಯ್ಯೋ ಚಿಕ್ಕಪ್ಪಾ ಅದೇ ಅದರ ಕೆಲಸ, ದಿನಾ ಖಾರ ಹುಳಿ ಕ್ರಿಮಿ ಎಲ್ಲಾ ತಡ್ಕೊಂಡು ಸವೆದು ಹೋಗುತ್ತೆ, ಅದಕ್ಕೇ ಕೆಳಗೆ ಗುಳಿ ಗುಳಿ ಇದೆ, ಲಕ್ಷಾಂತರ, ಒಂದೊಂದು ಗುಳಿ ತಳದಲ್ಲೂ ಹತ್ತು ಹದಿನೈದು ಸ್ಟೆಮ್ ಸೆಲ್ಲು ಕೂತಿವೆ, ಅವೇ ಮೇಸ್ತ್ರಿಗಳು, ಒಂದು ಎರಡಾಗುತ್ತೆ, ಒಂದು ಅಲ್ಲೇ ಮೇಸ್ತ್ರಿಯಾಗಿ ಕೂರುತ್ತೆ, ಇನ್ನೊಂದು ಗೋಡೆ ಹಿಡಿದು ಮೇಲಕ್ಕೆ ಹೊರಡುತ್ತೆ, ಹತ್ತೋವಾಗಲೇ ಕೆಲಸ ಕಲಿಯುತ್ತೆ, ನೀನು ಊಟ ಹೀರ್ಕೋ, ನೀನು ಲೋಳೆ ಸುರಿಸು, ತುದಿ ಮುಟ್ಟೋ ಹೊತ್ತಿಗೆ ಆಯಸ್ಸು ಮುಗಿದು ಉದುರುತ್ತೆ. ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ಕೇಳಿದ್ರು, ಸರಿ, ಈ ಕರೆಂಟು ಕೊಟ್ರಲ್ಲ ನನಗೆ, ಅದು ಯಾರನ್ನ ಹೊಡೀತು. ಮೇಸ್ತ್ರಿಗಳನ್ನ. ಯಾಕೆ. ಎರಡಾಗ್ತಾ ಇರೋರ ಮೇಲೇ ಅದರ ಕಣ್ಣು, ನಿಮ್ಮ ಗಡ್ಡೇನೂ ಎರಡಾಗ್ತಾ ಇರೋದು, ಮೇಸ್ತ್ರೀನೂ ಎರಡಾಗ್ತಾ ಇರೋದು, ಕರೆಂಟಿಗೆ ಮುಖ ಪರಿಚಯ ಇಲ್ಲ. ಓಹೋ, ಮತ್ತೆ ಈಗ ಕೆಲಸ ಯಾರು ಮಾಡೋದು? ಇದೇ ನನಗೆ ಇಷ್ಟ, ಈ ಜಾಗ ಬಂದ್ರೆ ನನಗೆ ಕೂತಲ್ಲೇ ಕೂರೋಕಾಗಲ್ಲ, ಚಿಕ್ಕಪ್ಪಾ ಕೇಳಿ, ಅರ್ಧ ಗೋಡೆ ಹತ್ತಿದ್ದೋರು ಇರ್ತಾರಲ್ಲ, ಇನ್ನೂ ಪೂರ್ತಿ ಕೆಲಸ ಕಲೀದೇ ಇರೋರು, ತಳ ಖಾಲಿ ಆಯ್ತು ಅಂತ ಗೊತ್ತಾದ ತಕ್ಷಣ ಅವರಲ್ಲಿ ಒಂದಿಬ್ಬರು ಕಲಿತಿದ್ದೆಲ್ಲಾ ಮರೆತು, ವಾಪಸ್ ಮೇಸ್ತ್ರಿ ಆಗಿಬಿಡ್ತಾರೆ, ಗುಳಿ ಮತ್ತೆ ತುಂಬುತ್ತೆ, ತುಂಬಿ ಉಬ್ಬಿ ಎರಡು ಗುಳಿ ಆಗುತ್ತೆ, ಪಕ್ಕದ ಬೋಳು ಜಾಗಾನೂ ಮುಚ್ಚುತ್ತೆ! ಚಿಕ್ಕಪ್ಪ ದಿಂಬಿಗೆ ಒರಗಿ, ಅಂದ್ರೆ ಮೇಸ್ತ್ರಿ ಇಲ್ದಿದ್ರೆ ಸಿಮೆಂಟು ಕಲಸೋನೇ ಮೇಸ್ತ್ರಿ ಆಗ್ತಾನೆ, ಇದನ್ನ ಕಂಡುಹಿಡಿಯೋಕೆ ಇಷ್ಟು ವರ್ಷ ಓದಬೇಕಿತ್ತಾ, ನನ್ನ ಕೇಳಿದ್ರೆ ಹೇಳ್ತಿದ್ದೆ. ಚಿಕ್ಕಮ್ಮ ಮೂಲೆಯಿಂದ, ಹೌದು ಹೌದು, ನಿಮ್ಮನ್ನ ಕೇಳಿದ್ರೆ ಆಪರೇಷನ್ನೂ ನೀವೇ ಮಾಡ್ಕೊಳ್ತಿದ್ರಿ. ನೆಲ ಕುಟ್ಟಿ ನೋಡ್ತಾರೆ ಆಸ್ಪತ್ರೇಲೂ, ಸ್ಲೈನ್ ಹಾಕಿರೋ ಕೈ ಎತ್ತಿಟ್ಟು ಇನ್ನೊಂದು ಕೈ ಮಂಚದಿಂದ ಕೆಳಗೆ ಬಿಟ್ಟು ಬೆರಳ ಗೆಣ್ಣಲ್ಲಿ ಟಕ್ ಟಕ್ ಡಬ್, ಡಬ್ ಅಂದ್ರೆ ಒಳಗೆ ಟೊಳ್ಳು, ಯಾವನಮ್ಮಾ ಇದನ್ನ ಹಾಕಿದ್ದು, ಮೂರರಲ್ಲೊಂದು ಟೊಳ್ಳು, ಆಮೇಲೆ ಹೊಟ್ಟೆ ಹಿಡ್ಕೊಂಡು ಬಾತ್ರೂಮಿಗೆ, ದಿನಕ್ಕೆ ಹದಿನಾಲ್ಕು ಸಲ, ರಕ್ತ ಬೀಳುತ್ತೆ, ಅದನ್ನ ಅವರು ಹೇಳಲ್ಲ, ಚಿಕ್ಕಮ್ಮ ಹೇಳ್ತಾರೆ. ಇಪ್ಪತ್ತೈದು ಸಲ ಕೊಡಬೇಕಾಗಿದ್ದ ಕರೆಂಟು ಹದಿನೇಳಕ್ಕೆ ನಿಂತಿದೆ, ಕರುಳು ತಡೀತಿಲ್ಲ ಅಂತ ಡಾಕ್ಟ್ರು ನಿಲ್ಲಿಸಿದ್ದಾರೆ, ಉಳಿದ ಎಂಟು ಕೊಡದಿದ್ರೆ ಗಡ್ಡೆ ಮತ್ತೆ ತಲೆ ಎತ್ತುತ್ತೆ, ಎರಡು ವಾರ ಕಾಯಬಹುದು, ಅದಕ್ಕಿಂತ ಜಾಸ್ತಿ ಆದ್ರೆ ಕಷ್ಟ ಅಂದಿದ್ದಾರೆ, ಅದರಲ್ಲಿ ಐದು ದಿನ ಆಗಲೇ ಹೋಯ್ತು.

ಒಂಬತ್ತು. ಇದು ನೀರು ಕುಡಿದ ಇಲಿಯದಲ್ಲ, ಔಷಧಿ ಕುಡಿದ ಇಲಿಯದು. ನನಗೆ ಗೊತ್ತಿರಬಾರದು ಅದು. ಹನ್ನೆರಡು ಇಲಿ, ಆರಕ್ಕೆ ಗುಳಿ ಬೇಗ ತುಂಬಿಸುತ್ತಾ ಅಂತ ನೋಡೋ ಔಷಧಿ, ಆರಕ್ಕೆ ಬರೀ ನೀರು, ಹನ್ನೆರಡು ಸ್ಲೈಡು, ಮೇಡಂ ಒಬ್ರೇ ಬಾಗಿಲು ಹಾಕ್ಕೊಂಡು ಕೂತು ಹಳೇ ಗುರುತಿನ ಮೇಲೆ ಹೊಸ ಚೀಟಿ ಅಂಟಿಸಿದ್ದಾರೆ, ಯಾವುದು ಯಾವುದು ಅಂತ ಬರೆದಿರೋ ಹಾಳೆ ಅವರ ಡ್ರಾಯರಲ್ಲಿ, ಲಕೋಟೆಗೆ ಗೋಂದು ಹಚ್ಚಿ, ಎಣಿಸೋರಿಗೆ ತಿಳೀಬಾರದು, ತಿಳಿದ್ರೆ ಕಣ್ಣು ತನಗೆ ಬೇಕಾದ್ದನ್ನ ನೋಡುತ್ತೆ, ಮೇಡಂ ಮೊದಲ ದಿನವೇ ಹೇಳಿದ್ದು, ಮೋಸ ಮಾಡೋರಿಂದ ಕೆಡೋದಕ್ಕಿಂತ ಆಸೆ ಇರೋರಿಂದ ಕೆಟ್ಟಿರೋ ಲೆಕ್ಕವೇ ಜಾಸ್ತಿ ಈ ಕಟ್ಟಡದಲ್ಲಿ. ಚೀಟಿಯೇನೋ ಸರಿಯಾಗೇ ಇದೆ. ಗೀರು ಇದೆಯಲ್ಲ. ಆರು ಸ್ಲೈಡಿನ ಮೇಲೆ ಕರುಳಿನ ಅಡ್ಡಕ್ಕೆ ಒಂದು ಸಣ್ಣ ಗೀರು, ಕೂದಲಿನಷ್ಟು ತೆಳ್ಳಗೆ, ಎಲ್ಲದರಲ್ಲೂ ಒಂದೇ ಕಡೆ, ಅಂದ್ರೆ ಕೊಯ್ಯೋವಾಗ ಬ್ಲೇಡಿನ ಬಾಯಿ ಅಲ್ಲಿ ಮುಕ್ಕಾಗಿತ್ತು, ಮಂಗಳವಾರ ಬೆಳಿಗ್ಗೆ ಬ್ಲೇಡಣ್ಣನ ಪಕ್ಕ ನಾನೇ ಕೂತಿದ್ದೆ, ಮೇಣದಲ್ಲಿ ಹುದುಗಿಸಿದ ಕರುಳಿನ ತುಂಡು ಒಂದೊಂದೇ ಕೊಟ್ಟೆ, ಅವರು ಚಕ್ರ ತಿರುಗಿಸ್ತಾ ಇದ್ರು, ಮೇಣದ ಪಟ್ಟಿ ರಿಬ್ಬನ್ನಿನ ಹಾಗೆ ಇಳೀತಾ ಇತ್ತು, ಆರು ಆದ್ಮೇಲೆ ಬೆಳಕಿಗೆ ಹಿಡಿದು ನೋಡಿ ಥೂ ಮುಕ್ಕಾಗಿದೆ ಅಂತ ಬ್ಲೇಡು ಬದಲಾಯಿಸಿದ್ರು, ಗೀರಿನಿಂದ ಏನೂ ಆಗಲ್ಲ ಬಿಡು ಎಣಿಸೋಕೆ ತೊಂದರೆ ಇಲ್ಲ ಅಂದ್ರು, ನಾನೂ ಹೂಂ ಅಂದೆ. ತೊಂದರೆ ಬ್ಲೇಡಿನದಲ್ಲ, ತಟ್ಟೆಯದು. ಆ ತಟ್ಟೇಲಿ ತುಂಡುಗಳನ್ನ ಜೋಡಿಸಿದ್ದು ನಾನು. ಮೊದಲ ಸಾಲು ಪೂರ್ತಿ ನೀರು, ಎರಡನೇ ಸಾಲು ಪೂರ್ತಿ ಔಷಧಿ, ಅಚ್ಚುಕಟ್ಟಾಗಿ, ಮದುವೆ ಮನೇಲಿ ಗಂಡಿನ ಕಡೆಯೋರು ಹೆಣ್ಣಿನ ಕಡೆಯೋರು ಕೂತ ಹಾಗೆ, ಬೆರೆಸಿ ಇಡಬೇಕಿತ್ತು, ಹೊಸಬರಿಗೆ ನಾನೇ ಹೇಳ್ಕೊಡ್ತೀನಿ ಬೆರೆಸಿ ಇಡಿ ಅಂತ, ಅವತ್ತು ಬೆಳಿಗ್ಗೆ ಚಿಕ್ಕಮ್ಮ ಫೋನಲ್ಲಿ ಅಳ್ತಾ ಇದ್ರು, ಕೈ ತನ್ನ ಪಾಡಿಗೆ ತಾನು ನೀಟಾಗಿ ಜೋಡಿಸಿಬಿಡ್ತು. ಗೀರು ಇದ್ರೆ ನೀರು. ಗೀರು ಇಲ್ದಿದ್ರೆ ಔಷಧಿ. ಎಂಟನೇದರಲ್ಲಿ ಗೀರಿಲ್ಲ. ಇದು ನನಗೆ ಈಗ ಹೊಳೀತು — ಈಗಲ್ಲ. ನಿಜ ಹೇಳಬೇಕಂದ್ರೆ ಮೂರನೇ ಸ್ಲೈಡಲ್ಲೇ ನೋಡಿದ್ದೆ, ನೋಡಿ ಧೂಳು ಅಂತ ಅಂದ್ಕೊಂಡೆ, ಧೂಳಲ್ಲ ಅಂತ ಗೊತ್ತಿದ್ದೂ ಧೂಳು ಅಂತ ಅಂದ್ಕೊಂಡೆ, ಕನ್ನಡಕದ ಬಟ್ಟೆ ತಗೊಂಡು ಒರೆಸಿದ್ದೂ ಆಯ್ತು, ಎಂಥಾ ನಾಟಕ, ನೋಡೋರು ಯಾರೂ ಇರಲಿಲ್ಲ.

ಫೋನು ಮೇಜಿನ ಮೇಲೆ ಗುರ್ ಅಂತ ಸುತ್ತುತ್ತೆ, ಚಿಕ್ಕಪ್ಪ, ಏನ್ ಇಲಿ ಡಾಕ್ಟ್ರೇ, ನಿಮ್ಮ ರೋಗಿಗಳು ಏನಂತಾರೆ. ಇನ್ನೂ ಎಣಿಸ್ತಾ ಇದ್ದೀನಿ ಚಿಕ್ಕಪ್ಪಾ, ಊಟ ಮಾಡಿದ್ರಾ. ಮಾಡಿದೆ, ಸೂಪು ಅಂತ ಒಂದು ಕೊಟ್ರು, ಪಾತ್ರೆ ತೊಳೆದ ನೀರಿಗೆ ಉಪ್ಪು ಹಾಕಿದ್ರು ಅಂತ ಕಾಣುತ್ತೆ, ನಿನ್ನ ಚಿಕ್ಕಮ್ಮ, ನೀವು ಕುಡಿದ್ರೇ ನಾನು ಮನೆಗೆ ಹೋಗೋದು ಅಂತ ಎದುರಿಗೆ ಪೊಲೀಸಿನ ಹಾಗೆ ಕೂತಿದ್ಲು, ಕುಡಿದೆ, ಕುಡಿದಿದ್ದು ಹತ್ತು ನಿಮಿಷ ನಿಂತಿತ್ತು. ಹಿಂದಿನಿಂದ ಚಿಕ್ಕಮ್ಮ, ಹದಿನೈದು ನಿಮಿಷ, ಸುಳ್ಳು ಹೇಳಬೇಡಿ. ಹಾಂ ಹದಿನೈದಂತೆ, ಪ್ರಗತಿ. ಕೇಳಿಲ್ಲಿ, ಡಾಕ್ಟ್ರು ಬಂದಿದ್ರು, ಸೋಮವಾರ ಮೀಟಿಂಗಂತೆ, ನಿಮ್ಮ ಲ್ಯಾಬಿನ ಲೆಕ್ಕ ಬಂದ್ರೆ ಅವತ್ತೇ ಒಪ್ಪಿಗೆ, ಇಪ್ಪತ್ತು ಜನಕ್ಕೆ ಔಷಧಿ ಕೊಟ್ಟು ನೋಡ್ತಾರಂತೆ, ಬೇರೆ ಕಾಯಿಲೆಗೆ ಜನ ಆಗಲೇ ನುಂಗ್ತಾ ಇರೋ ಔಷಧೀನೇ ಅಂತೆ, ಹೆದರ್ಕೋಬೇಡಿ ಅಂದ್ರು, ನಾನೆಲ್ಲಿ ಹೆದರ್ದೆ, ಪಟ್ಟೀಲಿ ನನ್ನದು ನಾಲ್ಕನೇ ಹೆಸರು. ಗೊತ್ತು ಚಿಕ್ಕಪ್ಪಾ. ಮೊದಲನೇದು ಮಾಡಿಸೋಕಾಗಲ್ವಾ, ಒಳಗಿನೋರು ನೀವು. ಏನೋ ತಮಾಷೆ. ತಮಾಷೆ ಅಲ್ವೇ, ಬೇಗ ಮುಗಿಸಿ ಉಳಿದ ಎಂಟು ತಿಂದುಬಿಡೋಣ ಅಂತ, ಕೆಲಸ ಅರ್ಧಕ್ಕೆ ಬಿಟ್ರೆ ನನಗೆ ನಿದ್ದೆ ಬರಲ್ಲ, ನಿನಗೆ ಗೊತ್ತಲ್ಲ. ಗೊತ್ತು, ಒಂದ್ಸಲ ಯಾರದ್ದೋ ಮನೆ ಹಾಲಿನಲ್ಲಿ ಎಲ್ಲಾ ಮುಗಿಸಿ ಮನೆಗೆ ಬಂದಿದ್ದೋರು ಊಟದ ತಟ್ಟೆ ಮುಂದೆ ಕೂತು, ಕಿಟಕಿ ಪಕ್ಕದ ಸಾಲು ಡಬ್ ಅಂತಿತ್ತು ಅಂತ ಎದ್ದು ಹೋಗಿದ್ದು, ಆ ಮನೆಯೋರಿಗೇನೂ ಗೊತ್ತಾಗಿರಲಿಲ್ಲ, ಅವರ ಕಿವಿಗೆ ಗೊತ್ತಾಗಿತ್ತು, ಅಷ್ಟೇ, ಚಿಕ್ಕಮ್ಮ ಬೈದಿದ್ದು ಬೈದಿದ್ದೇ. ಸರಿ ಇಡ್ತೀನಿ, ಬಾತ್ರೂಮು ಕರೀತಿದೆ, ನನ್ನನ್ನ ಇಷ್ಟು ಪ್ರೀತಿಯಿಂದ ಯಾರೂ ಕರೆದಿಲ್ಲ ಬಿಡು. ಟಕ್. ಫೋನಿನ ಮೇಲೆ ನನ್ನ ಬೆರಳಿನ ನೇರಳೆ ಬಣ್ಣ.

ಇಲ್ಲಿವರೆಗಿನ ಲೆಕ್ಕ ನೋಟುಬುಕ್ಕಲ್ಲಿ ಇದೆ, ಏಳು ಸ್ಲೈಡು, ಒಂದೊಂದರಲ್ಲೂ ಹತ್ತು ಸುತ್ತು, ಸರಾಸರಿ, ಹದಿನೆಂಟು, ಇಪ್ಪತ್ತೈದು, ಹದಿನೇಳು, ಇಪ್ಪತ್ತನಾಲ್ಕು, ಇಪ್ಪತ್ತಾರು, ಹತ್ತೊಂಬತ್ತು, ಹದಿನೆಂಟು, ಗೀರು ಇರೋದು ಕಮ್ಮಿ, ಗೀರಿಲ್ಲದ್ದು ಜಾಸ್ತಿ, ವ್ಯತ್ಯಾಸ ಇದೆ, ಚೆನ್ನಾಗೇ ಇದೆ, ಮೇಡಂ ನೋಡಿದ್ರೆ ಕುರ್ಚಿ ಬಿಟ್ಟು ಎದ್ದು ನಿಲ್ತಾರೆ, ಆದ್ರೆ ಆ ವ್ಯತ್ಯಾಸ ಔಷಧಿಯದಾ ನನ್ನ ಹೆಬ್ಬೆರಳಿನದಾ. ಐದನೇದು ತೆಗೀತೀನಿ, ಗೀರಿಲ್ಲದ್ದು, ಇಪ್ಪತ್ತಾರು ಅಂತ ಬರೆದಿದ್ದು, ಮೊದಲನೇ ಸುತ್ತು ಮತ್ತೆ, ಈ ಸಲ ನಿಧಾನ, ಪ್ರತಿ ಗುಳೀಲೂ ಪೆನ್ಸಿಲ್ ತುದಿ ಕಾಗದಕ್ಕೆ ತಾಗಿಸ್ತಾ, ಒಂದು ಕೋಶ ಒಂದು ಚುಕ್ಕಿ, ಹನ್ನೆರಡು ಸರಿ, ಹತ್ತು ಸರಿ, ಇದು — ಒಂಬತ್ತು. ಇದು ಎಂಟು. ಎಂಟಕ್ಕೂ ಒತ್ತಿದ್ದೀನಾ, ಅಯ್ಯೋ ದೇವರೇ, ಎಂಟು ಅಂದ್ರೆ ಎಂಟು, ಯಾವ ಕಡೆಯಿಂದ ನೋಡಿದ್ರೂ ಎಂಟು. ಮೊದಲ ಸುತ್ತಲ್ಲಿ ಇಪ್ಪತ್ತೇಳು ಅಂತ ಬರೆದಿದ್ದೆ, ಈಗ ಇಪ್ಪತ್ತೆರಡು. ಮೂರನೇದು ಹಾಕ್ತೀನಿ, ಗೀರಿರೋದು, ಮೊದಲ ಸುತ್ತು ಹದಿನಾರು ಅಂತ ಬರೆದಿದ್ದು, ಈಗ ಹತ್ತೊಂಬತ್ತು, ಬದುಕಿದ್ದ ಮೂರು ಗುಳೀನ ಬಿಟ್ಟುಬಿಟ್ಟಿದ್ದೀನಿ, ಚೆನ್ನಾಗೇ ಉಬ್ಬಿ ಕೂತಿವೆ, ಹನ್ನೊಂದು ಕೋಶ, ಹನ್ನೆರಡು ಕೋಶ, ಕಣ್ಣೆದುರಿಗೇ ಇದ್ರೂ ಇಲ್ಲ ಅಂದುಬಿಟ್ಟೆ, ನೀರು ಕುಡಿದ ಇಲಿ ಪಾಪ ತನ್ನ ಪಾಡಿಗೆ ತಾನು ವಾಸಿ ಮಾಡ್ಕೊಂಡಿದೆ, ನಾನು ನೋಡ್ಲೇ ಇಲ್ಲ. ಇಪ್ಪತ್ತೆರಡು ಹತ್ತೊಂಬತ್ತು. ಬೇಕಾದ್ರೆ ಇದೆ ಅನ್ನಬಹುದು, ಬೇಕಾದ್ರೆ ಇಲ್ಲ ಅನ್ನಬಹುದು, ಅಷ್ಟೇ ಅಂತರ. ಆಯ್ತಪ್ಪ, ಹೇಳದೇ ಇದ್ರೆ ಏನಾಗುತ್ತೆ, ಸೋಮವಾರ ಒಪ್ಪಿಗೆ, ಗುರುವಾರ ಚಿಕ್ಕಪ್ಪನ ಹೊಟ್ಟೆಗೆ ಔಷಧಿ, ಬೇರೆಯೋರು ನುಂಗ್ತಾ ಇರೋದೇ ಅಲ್ವಾ, ಉಪಯೋಗ ಆದ್ರೆ ಆಯ್ತು, ಆಗದಿದ್ರೆ ಹೋಯ್ತು — ಹೋಯ್ತು ಅಂತ ಎಲ್ಲಿ, ಬೇರೆಯೋರ ಹೊಟ್ಟೇಲಿ ಗಡ್ಡೆ ಇಲ್ಲ, ಈ ಔಷಧಿ ಕೆಲಸ ಅಂದ್ರೆ ಕೋಶಕ್ಕೆ ಏಳು ಎರಡಾಗು ಅಂತ ಹೇಳೋದು, ಮೇಸ್ತ್ರಿಗೆ ಮಾತ್ರ ಹೇಳುತ್ತಾ ಗಡ್ಡೆಗೂ ಹೇಳುತ್ತಾ ಯಾರಿಗೂ ಗೊತ್ತಿಲ್ಲ, ಅದಕ್ಕೇ ಅಲ್ವಾ ಡಾಕ್ಟ್ರು ಅಷ್ಟು ಹಠ ಹಿಡಿದಿದ್ದು, ಲಾಭ ಅಷ್ಟು ದೊಡ್ಡದಿದ್ರೆ ಮಾತ್ರ ಆ ಅಪಾಯಕ್ಕೆ ಕೈ ಹಾಕ್ತೀವಿ, ಅಂತ. ಲಾಭ ದೊಡ್ಡದು ಅಂತ ಹೇಳ್ತಿರೋದು ನನ್ನ ಹೆಬ್ಬೆರಳು. ಆ ಹೆಬ್ಬೆರಳನ್ನ ನಂಬಿ ಇಪ್ಪತ್ತು ಜನ ಬಾಯಿ ತೆರೀತಾರೆ, ನಾಲ್ಕನೇ ಬಾಯಿ ಚಿಕ್ಕಪ್ಪನದು. ಎಂಟನೇ ಸ್ಲೈಡು ಮತ್ತೆ ಹಾಕ್ದೆ, ಯಾಕೆ ಹಾಕ್ದೆ ಗೊತ್ತಿಲ್ಲ, ಅದೇ ಉಂಗುರ, ಒಂಬತ್ತು, ಹತ್ತನೇದು ಇರಬಹುದಾಗಿದ್ದ ಜಾಗದಲ್ಲಿ ಗುಲಾಬಿ ಖಾಲಿ.

ಮೇಡಂ ರೂಮಿನ ಬಾಗಿಲು ಯಾವಾಗ್ಲೂ ಅರ್ಧ ತೆರೆದಿರುತ್ತೆ, ಮೇಜಿನ ಮೇಲೆ ಚಾ ಲೋಟ, ಕೆನೆ ಕಟ್ಟಿದೆ, ಏನು ಮುಗೀತಾ ಅಂದ್ರು ತಲೆ ಎತ್ತದೇ. ಮೇಡಂ ನನಗೆ ಗೊತ್ತಾಗ್ತಾ ಇದೆ. ಏನು ಗೊತ್ತಾಗ್ತಾ ಇದೆ. ಯಾವುದು ನೀರು ಯಾವುದು ಔಷಧಿ ಅಂತ. ಆಗ ತಲೆ ಎತ್ತಿದ್ರು. ಹೇಗೆ. ಗೀರಿನಿಂದ ಮೇಡಂ, ಬ್ಲೇಡು ಮುಕ್ಕಾಗಿತ್ತು, ತುಂಡುಗಳನ್ನ ನಾನು ಬೆರೆಸಿರಲಿಲ್ಲ, ಸಾಲಾಗಿ ಇಟ್ಟಿದ್ದೆ, ನನ್ನದೇ ತಪ್ಪು, ಬ್ಲೇಡಣ್ಣನದಲ್ಲ, ಒಂದೇ ಉಸಿರಲ್ಲಿ, ನಾನು ಹೀಗೇ, ಬಾಯಿ ತೆರೆದ್ರೆ ನಲ್ಲಿ. ಯಾವಾಗಿನಿಂದ ಗೊತ್ತಾಗ್ತಾ ಇದೆ. ಇಲ್ಲಿ ಈಗಷ್ಟೇ ಅನ್ನಬಹುದಿತ್ತು. ಮೂರನೇದರಿಂದ. ಎಣಿಸಿದ್ದು ಎಷ್ಟು. ಏಳು. ಮತ್ತೆ ಎಣಿಸಿ ನೋಡಿದೆ ಮೇಡಂ, ಸೇರ್ತಾ ಇಲ್ಲ, ಔಷಧೀದು ಜಾಸ್ತಿ ಒತ್ತಿದ್ದೀನಿ, ನೀರಿಂದು ಬಿಟ್ಟಿದ್ದೀನಿ, ಹದಿನಾರು ಅಂತ ಬರೆದಿದ್ದು ಹತ್ತೊಂಬತ್ತು ಇದೆ. ಮೇಡಂ ಕನ್ನಡಕ ತೆಗೆದು ಮೂಗು ಒತ್ತಿಕೊಂಡ್ರು, ಬೈತಾರೆ ಅಂತ ಕಾದೆ, ಬೈದ್ರೆ ಚೆನ್ನಾಗಿತ್ತು, ನಿಮ್ಮ ಚಿಕ್ಕಪ್ಪ ಹೇಗಿದ್ದಾರೆ ಅಂದ್ರು. ಪಟ್ಟೀಲಿ ನಾಲ್ಕನೇ ಹೆಸರು ಅವರದು ಮೇಡಂ. ಯಾವ ಪಟ್ಟೀಲಿ — ಓ. ಕುರ್ಚಿ ಕಿರ್ ಅಂತು. ಇದನ್ನ ಮೊದಲೇ ಹೇಳಿದ್ರೆ ನಿನ್ನ ಕೈಗೆ ಕ್ಲಿಕ್ಕರೇ ಕೊಡ್ತಿರಲಿಲ್ಲ ನಾನು. ಅದಕ್ಕೇ ಹೇಳಲಿಲ್ಲ ಮೇಡಂ, ಇದು ನನ್ನ ಬಾಯಿಂದ ಬಂತಾ, ಬಂತು, ನನಗೇ ಗೊತ್ತಿರಲಿಲ್ಲ ಅದಕ್ಕೇ ಅಂತ. ಮೇಡಂ ಚಾ ಲೋಟ ಪಕ್ಕಕ್ಕೆ ಸರಿಸಿದ್ರು. ಉಳಿದ ಮೇಣದ ತುಂಡು ಇದೆಯಲ್ಲ, ಬ್ಲೇಡಣ್ಣಂಗೆ ಹೇಳ್ತೀನಿ, ಬೆರೆಸಿ ಹೊಸದಾಗಿ ಕೊಯ್ಯಲಿ, ಎಣಿಸೋದು ಮೇಲಿನ ಮಹಡಿಯೋರು, ಹತ್ತು ದಿನ ಹಿಡಿಯುತ್ತೆ. ಸೋಮವಾರ ಮೇಡಂ. ಸೋಮವಾರ ನಾನು ಹೋಗಿ ಲೆಕ್ಕ ಇಲ್ಲ ಅಂತ ಹೇಳ್ತೀನಿ. ಮುಂದಿನ ಮೀಟಿಂಗು ಎರಡು ತಿಂಗಳಿಗೆ ಮೇಡಂ. ಗೊತ್ತು ನನಗೆ. ಆಮೇಲೆ ನಾನು ಅಲ್ಲೇ ನಿಂತಿದ್ದನ್ನ ನೋಡಿ ಸ್ವಲ್ಪ ಜೋರಾಗಿ, ನೋಡಮ್ಮ, ನಿಮ್ಮ ಚಿಕ್ಕಪ್ಪನ ಕರುಳು ನಮ್ಮ ಮೀಟಿಂಗಿಗೆ ಕಾಯ್ತಾ ಕೂತಿಲ್ಲ, ಅದರ ಕೆಲಸ ಅದು ಶುರು ಮಾಡಿರುತ್ತೆ, ನೀರು ಕುಡಿದ ಇಲೀಲೂ ಹತ್ತೊಂಬತ್ತು ಉಳಿದಿತ್ತು ಅಂತ ನೀನೇ ಹೇಳಿದ್ಯಲ್ಲ, ಹೋಗು, ಸ್ಲೈಡುಗಳನ್ನ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ ಕೀ ತಂದುಕೊಡು. ಹೊರಡೋವಾಗ, ಇನ್ನೊಂದು — ನೋಟುಬುಕ್ಕಲ್ಲಿ ಆ ಏಳನ್ನ ಹೊಡೆದು ಹಾಕಬೇಡ, ಪಕ್ಕದಲ್ಲಿ ಯಾಕೆ ಕೆಟ್ಟಿತು ಅಂತ ಬರಿ. ಬರೆದೆ. ಎರಡು ಸಾಲು. ಅಕ್ಷರ ಸೊಟ್ಟ.

ಚಿಕ್ಕಪ್ಪಾ, ಮಾತಾಡಬಹುದಾ. ಮಾತಾಡು, ಈಗಷ್ಟೇ ಬಂದು ಮಲಗ್ದೆ, ಇನ್ನು ಇಪ್ಪತ್ತು ನಿಮಿಷ ನಾನು ಫ್ರೀ. ಸೋಮವಾರ ಆಗಲ್ಲ ಚಿಕ್ಕಪ್ಪಾ, ಲೆಕ್ಕ ಕೆಟ್ಟು ಹೋಯ್ತು, ನಾನೇ ಕೆಡಿಸ್ದೆ. ಇಲಿ ಓಡಿ ಹೋದ್ವಾ. ಇಲ್ಲ, ಎಣಿಸೋವಾಗ ಯಾವುದು ಯಾವುದು ಅಂತ ನನಗೆ ತಿಳಿದು ಹೋಯ್ತು, ತಿಳಿದ್ಮೇಲೆ ನಿಮಗೋಸ್ಕರ ಜಾಸ್ತಿ ಜಾಸ್ತಿ ಎಣಿಸಿಬಿಟ್ಟಿದ್ದೀನಿ, ಬೇಕಂತ ಅಲ್ಲ, ಬೇಕಂತ ಅಲ್ಲ ಅನ್ನೋದೂ ಸರಿಯಲ್ಲ. ಆ ಕಡೆ ಟಿವಿ ಕ್ರಿಕೆಟ್ಟಿನ ಸದ್ದು ಕಮ್ಮಿ ಮಾಡಿದ್ರು. ಆಮೇಲೆ, ಎಷ್ಟು ಜಾಸ್ತಿ. ಒಂದು ಸುತ್ತಿಗೆ ನಾಲ್ಕೈದು. ಹೂಂ. ಬೆರಳ ಗೆಣ್ಣು ಮಂಚದ ಕಂಬಿ ಮೇಲೆ ಟಕ್ ಟಕ್. ಚಿಕ್ಕಪ್ಪಾ. ಇದ್ದೀನಿ ಇದ್ದೀನಿ. ಎರಡು ತಿಂಗಳಾಗುತ್ತೆ ಚಿಕ್ಕಪ್ಪಾ ಇನ್ನು. ಎರಡು ತಿಂಗಳು ನನಗೆಲ್ಲಿದೆ ಅಂತ ಅವರು ಅನ್ನಲಿಲ್ಲ, ಒಂಬತ್ತು ದಿನ ಇದೆ ನನ್ನ ಹತ್ರ ಅಂದ್ರು, ಅಷ್ಟೇ ಸಲೀಸಾಗಿ, ಇಲಿಗೆ ಎಷ್ಟು ದಿನ ಹಿಡಿಯುತ್ತೆ ಅಂದಿದ್ದೆ ನೀನು, ಏನೂ ಕೊಡದಿದ್ರೆ. ಮೂರೂವರೆ ದಿನಕ್ಕೆ ಗುಳಿ ಕಾಣುತ್ತೆ, ಗೋಡೆ ಮುಚ್ಚೋಕೆ ಏಳೆಂಟು ದಿನ, ಮನುಷ್ಯರಿಗೆ ಜಾಸ್ತಿ, ಆದ್ರೆ ಕೆಲವರಿಗೆ — ಇಲಿಗಿಂತ ಕಡೆಯಾ ನಾನು, ನೋಡೇಬಿಡೋಣ, ನಿನ್ನ ಚಿಕ್ಕಮ್ಮಂಗೆ ಈಗ್ಲೇ ಹೇಳಬೇಡ, ಸೂಪಿಗೆ ಇನ್ನೂ ಉಪ್ಪು ಹಾಕ್ತಾಳೆ. ನನ್ನ ಮಾತಿಗೆ ಕಾಯದೇ ಫೋನು ಇಟ್ರು. ಪೆಟ್ಟಿಗೇಲಿ ಒಂದು, ಎರಡು, ಮೂರು, ಚಡಿಗೆ ಒಂದೊಂದೇ ಇಳಿಸ್ತೀನಿ, ಗಾಜು ಗಾಜಿಗೆ ತಾಗಿದ್ರೆ ಟಿಂಗ್, ಹನ್ನೊಂದು ಇಟ್ಟಾಯ್ತು, ಎಂಟನೇದು ಇನ್ನೂ ಮೈಕ್ರೋಸ್ಕೋಪಿನ ಕೆಳಗೇ ಇದೆ, ದೀಪ ಉರೀತಾ ಇದೆ, ತೆಗೀಬೇಕು, ತೆಗೆಯೋ ಮುಂಚೆ ಒಂದ್ಸಲ, ಎಣಿಸೋಕಲ್ಲ, ಎಣಿಸೋ ಹಕ್ಕು ಹೋಯ್ತಲ್ಲ, ಸುಮ್ಮನೆ, ಕಣ್ಣು ಇಟ್ಟೆ, ಉಂಗುರ, ಒಂಬತ್ತು, ಈಗ ಕ್ಲಿಕ್ಕರ್ ಕೈಯಲ್ಲಿಲ್ಲ, ಅದಕ್ಕೋ ಏನೋ ಇಷ್ಟು ಹೊತ್ತು ಕಾಣದ್ದು ಕಾಣ್ತು, ಕೆಳಗಡೆ ಎಡಕ್ಕೆ, ಉಂಗುರದ ಒಂದು ಕೋಶ ಬೇರೆಯೋರ ಹಾಗಿಲ್ಲ, ದುಂಡಗೆ ಊದಿಕೊಂಡಿದೆ, ನಡುವೆ ಕಡು ನೇರಳೆ ಎರಡು ಗೆರೆ, ಒಂದಕ್ಕೊಂದು ಬೆನ್ನು ಹಾಕಿ ದೂರ ಸರೀತಾ ಇರೋ ಎರಡು ಗೆರೆ, ಎರಡಾಗ್ತಾ ಇದೆ, ಎರಡಾಗೋ ಹೊತ್ತಿಗೆ ಸರಿಯಾಗಿ ನಾನು ಅದನ್ನ ಫಾರ್ಮಲಿನ್ನಿಗೆ ಹಾಕಿ ಇದ್ದ ಹಾಗೇ ನಿಲ್ಲಿಸಿಬಿಟ್ಟಿದ್ದೀನಿ, ಇನ್ನು ಅರ್ಧ ಗಂಟೆ ಬಿಟ್ಟಿದ್ರೆ ಹತ್ತು, ನಿಯಮದ ಪ್ರಕಾರ ಇದು ಒಂದು, ಸೀಳು ಪೂರ್ತಿ ಆಗೋವರೆಗೂ ಒಂದು, ಒಂಬತ್ತೇ ಸರಿ, ಗೆರೆ ಎರಡಿದೆ, ಕೋಶ ಒಂದಿದೆ, ನಡುವೆ ಸ್ವಲ್ಪ ಸೊಂಟ ಬಂದಿದೆ, ಅಷ್ಟೇ ಅಷ್ಟು, ಹಿಸುಕಿದ ಹಾಗೆ, ಎರಡಾಗ್ತಾ ಇದೆ, ಎರಡಾಗಿಲ್ಲ, ಸೊಂಟ ಇದೆ, ಸೀಳಿಲ್ಲ, ಗುಂಡಿ ತಿರುಗಿಸ್ದೆ, ಮಸುಕಾಯ್ತು, ಮತ್ತೆ ತಿರುಗಿಸ್ದೆ, ಅಲ್ಲೇ ಇದೆ, ಎರಡು ಗೆರೆ, ಬೆನ್ನಿಗೆ ಬೆನ್ನು, ಎರಡಾಗ್ತಾ ಇದೆ